ಕಟ್ಟಿಸಿದ ಹಲ್ಲಿನ ಕಾರು

ಕಾರಿನ ವಯಸ್ಸು ಹಿಡಿಯಲು ಹುಣಸೆಹಣ್ಣು ಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಂಪ್ಲಿಯಲ್ಲಿ ರೈಸ್‌ಮಿಲ್ ಇಟ್ಟಿರುವ ನನ್ನ ತಮ್ಮ ಚನ್ನಬಸಪ್ಪನ ಹತ್ತಿರ ಅಪ್ಪನ ಕಾಲದ ಅಮೆರಿಕಾ ಕಾರೊಂದಿದೆ. "ಐವತ್ತೆರಡರಾಗ ನಾ ಹುಟ್ಟೀನಿ ಅಂತ ಅಪ್ಪ ನನಗಂತ ಹೊಸಾದು ತಂದಾನ" ಎಂದು ಹೇಳಿ ಮುಗಿಸಿದ ಮೇಲೇ ಬಂದವರಿಗೆ ಚಹಾ. (ಅಷ್ಟರಲ್ಲಿ ಅದು ಆರಿರುತ್ತದೆ.) ಹೊಸಪೇಟೆಯ ಹಳೇ ಕಾರುಗಳ ಶೋಗೂ ಅದನ್ನೇ ಬೋರ್ಡಿನಲ್ಲಿ ಬರೆಸಿದ್ದ. ಬರೆದದ್ದು ಸುಳ್ಳಾದರೆ ಕಾರು ಗೇಟಿನ ಹೊರಗೆ.

ಪರೀಕ್ಷೆಗೆ ಶೋದವರು ಸಂಡೂರಿನ ಮೆಕ್ಯಾನಿಕ್ ಮೌಲಾಸಾಬನನ್ನು ಕಳಿಸಿದರು. ಅವನು ಆರ್‌ಸಿ ಬುಕ್ ಮುಟ್ಟಲಿಲ್ಲ.

"ಅದು ಇಲ್ಲಿ ನಂಬರ್ ಹಾಕಿಸಿದ ವರ್ಷ ರೀ. ತಯಾರಾಗಿದ್ದು ಬ್ಯಾರೆ."

ಬಾನೆಟ್ ಎತ್ತಿದ. ಒಳಗಿನ ತಗಡಿನ ಪಟ್ಟಿಯಲ್ಲಿ ಅಂಕಿ ಇರಬೇಕಂತೆ. ಎಲ್ಲಿದೆ? ಪ್ರತಿ ಆಯುಧಪೂಜೆಗೂ ತಮ್ಮ ಅದರ ಮೇಲೇ ಗಂಧ, ಕುಂಕುಮ ಮೆತ್ತಿ ಮೆತ್ತಿ ಗೋಡೆ ಕಟ್ಟಿದ್ದ.

ಹುಣಸೆಹಣ್ಣು ನೆನೆಸಿ ತಂದು ನಾನೇ ಉಜ್ಜಿದೆ. ಓದಿದ್ದು ಎರಡನೇ ಕ್ಲಾಸಾದರೂ ಅಂಕಿ ಬರುತ್ತದೆ. ನಾಲ್ಕು, ಒಂಬತ್ತು.

"ನಲವತ್ತೊಂಬತ್ತರ ಮಾಡೆಲ್" ಎಂದ ಮೌಲಾಸಾಬ್.

"ಹೆಂಗಾಗ್ತದಪಾ?" ಎಂದ ತಮ್ಮ. "ಮುಂದಿನ ಜಾಲರಿ ನೋಡು. ಹಲ್ಲಿನಂಗ ಐದು ಕಂಬಿ. ಐವತ್ತೆರಡರದ."

"ಹಲ್ಲು ಐವತ್ತೆರಡರವೇ. ಆದ್ರ ಆಮ್ಯಾಲೆ ಕಟ್ಟಿಸ್ಯಾರ್ರಿ. ಬೋಲ್ಟಿಗೆ ಬ್ಯಾರೆ ತೂತು ಕೊರದಾರ, ನೋಡ್ರಿ. ನಿಮ್ಮಪ್ಪಾರು ತರೂದ್ರಾಗ ಇದು ಮೂರು ವರ್ಷ ಓಡಿದ ಗಾಡಿ."

ತಮ್ಮ ನನ್ನತ್ತ ತಿರುಗಿದ. "ಅಕ್ಕಾ, ನಿನಗ ಗೊತ್ತಿತ್ತೇನು?"

ಗೊತ್ತಿತ್ತು. ಕಾರು ಬಂದಾಗ ನನಗೆ ಏಳು ವರ್ಷ. ಹಿಂದಿನ ಸೀಟಿನ ಸಂದಿಯಲ್ಲಿ ಯಾರದೋ ಬಾಚಣಿಗೆ ಸಿಕ್ಕಿತ್ತು. ಹೊಸ ಕಾರಿನಲ್ಲಿ ಹಳೇ ಬಾಚಣಿಗೆ ಇರುತ್ತದೆಯೇ? ಅಪ್ಪ "ಸುಮ್ನಿರು" ಎಂದ. ಇದ್ದೆ.

ಎಮ್ಮಿಗನೂರಿಗೆ ಎಮ್ಮೆ ಕೊಳ್ಳಲು ಹೋದರೆ ಬಾಯಿ ತೆರೆಸಿ, ವಯಸ್ಸು ತಿಳಿಯಲು ಹಲ್ಲು ಎಣಿಸದೆ ಹಗ್ಗ ಹಿಡಿಯದ ಮನುಷ್ಯ ಅಪ್ಪ. ಕಾರಿಗೆ ಮಾತ್ರ ತಾನೇ ಹೊಸ ಹಲ್ಲು ಕಟ್ಟಿಸಿದ. ಗಂಡು ಹುಟ್ಟಿತ್ತಲ್ಲ. (ನಾನು ಹುಟ್ಟಿದಾಗ ಏನು ತಂದನೆಂದು ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ.)

ತಮ್ಮ ಬೋರ್ಡಿನ ಹತ್ತಿರ ಹೋದ. "ಹೊಸಾದು" ಅಳಿಸಿದ. ಪಕ್ಕದಲ್ಲಿ "ನಲವತ್ತೊಂಬತ್ತರ ಮಾಡೆಲ್" ಎಂದು ಬರೆದ. "ನನಗಂತ" ಉಳಿಯಿತು.

"ಇದಾದ್ರೂ ಇರಲೇನಕ್ಕಾ?"

"ಇರಲಿ ಬಿಡಲೇ. ಅದು ಖರೆ ಐತಿ."

ಕಾರು ಶೋಗೆ ಪಾಸಾಯಿತು. ತಮ್ಮನ ಬಾಯಲ್ಲಿರುವುದೂ ಹೋದ ವರ್ಷ ಕಟ್ಟಿಸಿದ ಹಲ್ಲೇ. ಕಾರೂ ಅವನೂ ಅಕ್ಕಪಕ್ಕ ಹಲ್ಲು ಕಿರಿದು ಫೋಟೋಕ್ಕೆ ನಿಂತರೆ, ಯಾರದು ಯಾವ ಮಾಡೆಲ್ ಅಂತ ಹುಣಸೆಹಣ್ಣಿಲ್ಲದೆ ಹೇಳುವವರು ಯಾರು?