ಬೋರ್ಡಣ್ಣನೂ ಎರಡು ಮನೆತನದ ರಕ್ತವೂ

ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಬೋರ್ಡಣ್ಣನನ್ನು ಮೀರಿಸುವವರಿರಲಿಲ್ಲ. ತೊಂದರೆ ಒಂದೇ: ಬೋರ್ಡಿನಲ್ಲಿ ಅಂಗಡಿಗಿಂತ ಬೋರ್ಡಣ್ಣನ ಮನಸ್ಸೇ ಎದ್ದು ಕಾಣುತ್ತಿತ್ತು. ಮನಸ್ಸು ಮುಗಿಲು ಮುಟ್ಟಿದಾಗ ಆತ ನಿದ್ದೆಯನ್ನು ಸೋಮಾರಿಗಳಿಗೆ ಬಿಟ್ಟುಕೊಟ್ಟು, ದಂಡಯಾತ್ರೆ ಹೊರಟ ಚಕ್ರವರ್ತಿಯಂತೆ ಏಣಿಯೇರಿ ಗೋಡೆಯ ಮೇಲೆ ಗೋಡೆ ಗೆಲ್ಲುತ್ತಿದ್ದ. ಕೊಡೆ ರಿಪೇರಿಯವನು ಕೇಳಿದ್ದು ಗೇಣಗಲದ ಬೋರ್ಡು. ಸಿಕ್ಕಿದ್ದು ಗೋಡೆ ತುಂಬ ಚಿನ್ನದ ಅಕ್ಷರಗಳಲ್ಲಿ 'ಮೂರು ಲೋಕದ ಕೊಡೆಗಳ ಏಕೈಕ ವೈದ್ಯ'. ಆಮೇಲೆ ಮನಸ್ಸು ಪಾತಾಳಕ್ಕಿಳಿಯುತ್ತಿತ್ತು. ಆಗ ಕ್ಷೌರದಂಗಡಿಗೆ ಬೂದು ಬಣ್ಣದಲ್ಲಿ 'ಬಂದರೆ ಬನ್ನಿ, ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ' ಎಂದು ಬರೆದು, ಮನೆಗೆ ಬಂದು ಗೋಡೆಗೆ ಮುಖಮಾಡಿ ಮಲಗಿಬಿಡುತ್ತಿದ್ದ.

ಈ ಸಲ ಹಾಗೆ ಮಲಗಿದವನು ವಾರಗಟ್ಟಲೆ ಊಟಕ್ಕೂ ಸ್ನಾನಕ್ಕೂ ಏಳದಿದ್ದಾಗ, ಅವನಿಗೆ ಬಣ್ಣ ಕಲಸಿಕೊಡುತ್ತಿದ್ದ ಮಗಳು ಮನೋವೈದ್ಯೆಯ ಬಳಿಗೆ ಎಳೆದೊಯ್ದಳು. ವಂಶದ ವಿವರ ಬೇಕೆಂದಿದ್ದರಿಂದ ಬೋರ್ಡಣ್ಣನ ಸೋದರತ್ತೆಯೂ ಸೋದರಮಾವನೂ ಬಂದರು. ವಿವರದ ಬದಲು ಯುದ್ಧವೇ ಸಿಕ್ಕಿತು.

"ನಮ್ಮ ಕಡೆ ಯಾರಿಗೂ ಇಲ್ಲ. ಎಲ್ಲ ಇವನ ತಾಯಿಮನೆ ರಕ್ತ," ಎಂದರು ಅತ್ತೆ.

"ಓಹೋ. ನಿಮ್ಮಣ್ಣ ವಾರಗಟ್ಟಲೆ ನಿದ್ದೆ ಮಾಡದೆ ಮನೆಗೆ ಏಳು ಬಾಗಿಲು ಇಡಿಸಿದ್ರಲ್ಲ, ಅದೇನು?" ಎಂದರು ಮಾವ.

"ಅದು ಗಾಳಿ ಬೆಳಕಿಗೆ. ನಿಮ್ಮಪ್ಪ ವರ್ಷಗಟ್ಟಲೆ ಅಟ್ಟದಿಂದ ಇಳೀಲಿಲ್ಲ, ಅದೇನು ತಪಸ್ಸಾ?"

"ಮಂಡಿನೋವು."

ವೈದ್ಯೆ ಪೆನ್ನು ಕೆಳಗಿಟ್ಟರು. "ಮನಸ್ಸು ಹೀಗೆ ಏರಿ ಇಳಿಯೋ ಈ ಕಾಯಿಲೆಗೆ ಒಂದೇ ಜೀನ್ ಕಾರಣ ಅಲ್ಲ. ನೂರಾರು ಜೀನ್‌ಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತೆ, ಒಂದೊಂದೂ ಚೂರು ಪಾಲು ಹಾಕುತ್ತೆ. ಎರಡೂ ಕಡೆಯಿಂದ ಬಂದಿರಬಹುದು. ಅದರ ಮೇಲೆ ನಿದ್ದೆ ಕೆಟ್ರೆ, ಒತ್ತಡ ಬಿದ್ರೆ, ಮಿದುಳಲ್ಲಿ ಸುದ್ದಿ ಸಾಗಿಸೋ ರಾಸಾಯನಿಕಗಳ ಹದ ತಪ್ಪುತ್ತೆ. ಹತೋಟಿಗೆ ಮಾತ್ರೆ ಇದೆ."

ಸಮಸಮನಾಗಿ ಅವಮಾನಗೊಂಡ ಎರಡು ಮನೆತನಗಳೂ ತಕ್ಷಣ ರಾಜಿಯಾದವು. ಬೋರ್ಡಣ್ಣ ಮಾತ್ರ ಅಡ್ಡಡ್ಡ ತಲೆಯಾಡಿಸಿದ.

"ಮಾತ್ರೆ ಬೇಡ. ಮನಸ್ಸು ಮೇಲಿದ್ದಾಗಲೇ ನನ್ನ ಕೈ ಓಡೋದು. ಅದೂ ಹೋದ್ರೆ ನನಗೆ ಉಳಿಯೋದು ಏಣಿ ಒಂದೇ."

ಮಗಳು ವೈದ್ಯೆಯತ್ತ ತಿರುಗಿದಳು. "ಡಾಕ್ಟ್ರೇ, ನನಗೂ ಬರುತ್ತಾ?"

"ಬೇರೆಯವರಿಗಿಂತ ಸಾಧ್ಯತೆ ಜಾಸ್ತಿ. ಆದ್ರೆ ಇಂಥ ಮನೆಗಳ ಹೆಚ್ಚಿನ ಮಕ್ಕಳಿಗೆ ಬರೋದಿಲ್ಲ."

"ಅಕಸ್ಮಾತ್ ಬಂದ್ರೆ ನಾನೇನು ಮಾಡ್ಲಿ ಅಪ್ಪಾ? ಮಾತ್ರೆ ತಗೊಳ್ಳಲಾ, ಗೋಡೆ ನೋಡ್ಕೊಂಡು ಮಲಗಲಾ?"

ಬೋರ್ಡಣ್ಣ ಅತ್ತೆಯತ್ತ ನೋಡಿದ, ಮಾವನತ್ತ ನೋಡಿದ. ಯಾವ ಕಡೆಯಿಂದಲೂ ಸೈನ್ಯ ಬರಲಿಲ್ಲ.

"ತಗೋಬೇಕು ಕಣೇ," ಎಂದವನು ತನ್ನ ಮಾತಿನ ಬಲೆಗೆ ತಾನೇ ಬಿದ್ದ. ಆ ರಾತ್ರಿ ಮಗಳ ಎದುರು, ವಿಷ ಕುಡಿಯುವ ವೀರನ ಗತ್ತಿನಲ್ಲಿ ಮಾತ್ರೆ ನುಂಗಿದ.

ಮೊದಮೊದಲು ಬೆರಳು ನಡುಗಿದವು. ವೈದ್ಯೆ ರಕ್ತ ಪರೀಕ್ಷಿಸಿ ಪ್ರಮಾಣ ಇಳಿಸಿದರು. ಕೆಲವು ತಿಂಗಳ ಮೇಲೆ ಬೋರ್ಡಣ್ಣ ಅಂಜುತ್ತಲೇ ಕುಂಚ ಹಿಡಿದು ಒಂದು ಬೋರ್ಡು ಬರೆದ: 'ಕನ್ನಡಕದ ಅಂಗಡಿ'. ಅಷ್ಟೇ. ಹಿಂದೆ ಸರಿದು ನೋಡಿದರೆ, ಅಕ್ಷರಗಳಿಗೆ ಅದೇ ಬಳುಕು, ಅದೇ ಠೀವಿ. ಕೈ ಎಲ್ಲಿಗೂ ಹೋಗಿರಲಿಲ್ಲ. ಕಣ್ಣು ತೇವವಾಗುವಷ್ಟರಲ್ಲಿ ಅಂಗಡಿಯವನು ಬಂದ.

"ಇದೇನ್ರೀ ಇಷ್ಟು ಚಿಕ್ಕದು? ಕನ್ನಡಕ ಇಲ್ಲದೋರಿಗೆ ಕಾಣಬೇಕಲ್ಲ. ಗೋಡೆ ತುಂಬ ಬರೀರಿ."

ಪಕ್ಕದಲ್ಲಿ ಬಣ್ಣ ಕಲಸುತ್ತಿದ್ದ ಮಗಳ ಹುಬ್ಬು ಮೇಲೇರಿತು. ಬೋರ್ಡಣ್ಣ ಎರಡೂ ಕೈ ಎತ್ತಿದ.

"ಇದು ಅವರ ಆಸೆ ಕಣೇ, ನಂದಲ್ಲ."