ಮೂರು ಸಲ ಕೊಟ್ಟ ಸಾಲು

ಆ ಮಧ್ಯಾಹ್ನ ಎಂದರೆ ನನಗೆ ಮೊದಲು ನೆನಪಾಗುವುದು ಬಣ್ಣದ ವಾಸನೆ. ರಾಜಾಜಿನಗರದ ಒಂದು ಸಣ್ಣ ರಂಗಮಂದಿರ, ಭಾನುವಾರ ಮೂರೂವರೆಯ ಪ್ರದರ್ಶನ. ಸೆಟ್‌ಗೆ ಬೆಳಿಗ್ಗೆಯಷ್ಟೇ ಬಣ್ಣ ಬಳಿದಿದ್ದರು. ಪರದೆ, ಸೀರೆ, ಫ್ಲಾಸ್ಕಿನ ಕಾಫಿ ಎಲ್ಲಕ್ಕೂ ಅದೇ ವಾಸನೆ. ಹಾಗಾಗಿ ನಾಟಕದಲ್ಲಿ ಕುಡಿಯುವ ಲೋಟದಲ್ಲಿದ್ದದ್ದು ನೀರಲ್ಲ, ಬಣ್ಣಕ್ಕೆ ಬೆರೆಸುವ ತಿನ್ನರ್ ಎಂದು ಯಾರಿಗೂ ಗೊತ್ತಾಗಲಿಲ್ಲವಂತೆ. ಈ ವಿವರಣೆಯನ್ನು ಎಲ್ಲರೂ ಒಪ್ಪಿಕೊಂಡರು. ನಾನು ಇನ್ನೂ ಒಪ್ಪಿಲ್ಲ.

ನನ್ನ ಕೆಲಸ ಪ್ರಾಂಪ್ಟಿಂಗ್. ಕನ್ನಡ ಎಂ.ಎ. ಮುಗಿಸಿ, ಕೆಂಗೇರಿಯ ಶೂಟಿಂಗ್ ಮನೆಯೊಂದರಲ್ಲಿ ಕ್ಯಾಮೆರಾ ಪಕ್ಕ ನಿಂತು ಧಾರಾವಾಹಿಯ ನಟರಿಗೆ ಸಂಭಾಷಣೆ ಓದಿ ಕೊಡುತ್ತಿದ್ದೆ. ಅದರಲ್ಲಿ ಅತ್ತೆಯ ಪಾತ್ರದವರನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದೆವು. ಬಿನ್ನಿಪೇಟೆಯ ಗಿರಣಿ ಕೆಲಸಗಾರರೊಬ್ಬರ ಮಗಳು. ಕಾರ್ಮಿಕರೇ ಆಡುತ್ತಿದ್ದ ಪೌರಾಣಿಕ ನಾಟಕದಲ್ಲಿ, ನೆಟ್ಟಗೆ ಓದಲು ಬರುವ ಮೊದಲೇ ಬಣ್ಣ ಹಚ್ಚಿದವರು. ಹಾರ್ಮೋನಿಯಂ ಮೇಷ್ಟ್ರು ಹಿಂದಿನಿಂದ ಹೇಳಿಕೊಟ್ಟದ್ದನ್ನು ಹಾಗೇ ಹಿಡಿದು ಆಡುತ್ತಿದ್ದರಂತೆ.

"ಹಿಂದಿನಿಂದ ಏನು ಬರುತ್ತೋ ಅದೇ ವೇದ ಕಣೇ. ಯೋಚನೆ ಮಾಡ್ತಾ ನಿಂತ್ರೆ ಮಾತು ಬಿದ್ದೋಗುತ್ತೆ," ಎನ್ನುತ್ತಿದ್ದರು.

ಟಿವಿಗೆ ಬಂದ ಮೇಲೂ ಅದೇ ಅಭ್ಯಾಸ ಅನ್ನ ಹಾಕಿತು. ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು, "ಆಂಟಿ, ಆ ಸೊಸೇನ ಸ್ವಲ್ಪ ಊಟ ಮಾಡಕ್ಕಾದ್ರೂ ಬಿಡಿ," ಎಂದಾಗ ಅವರು ನಗುತ್ತಾ ಎರಡು ಕಟ್ಟು ಜಾಸ್ತಿ ಕೊಳ್ಳುತ್ತಿದ್ದರು. ಆದರೆ ವರ್ಷಕ್ಕೊಂದು ನಾಟಕ ಬಿಡುತ್ತಿರಲಿಲ್ಲ. ಅಲ್ಲೂ ಅವರಿಗೆ ಸಾಲು ಕೊಡುತ್ತಿದ್ದವಳು ನಾನೇ.

ಈ ನಾಟಕದಲ್ಲಿ ಅವರದು, ಮಗನೊಂದಿಗೆ ಮುನಿಸಿಕೊಂಡು ವರ್ಷಗಟ್ಟಲೆ ಅವನ ಮನೆಯಲ್ಲಿ ತೊಟ್ಟು ನೀರೂ ಮುಟ್ಟದ ತಾಯಿಯ ಪಾತ್ರ. ಕೊನೆಯ ದೃಶ್ಯದಲ್ಲಿ ಸೊಸೆ ಲೋಟ ಕೊಡುತ್ತಾಳೆ. ತಾಯಿ, "ಕೊಡು, ನಿನ್ನ ಮನೆ ನೀರು ಕುಡೀತೀನಿ," ಎಂದು ಕುಡಿಯಬೇಕು.

ಅಮ್ಮ ಲೋಟವನ್ನು ಬಾಯಿಯ ಹತ್ತಿರ ತಂದು ನಿಂತುಬಿಟ್ಟರು. ಸಾಲು ಮರೆತರು ಅಂದುಕೊಂಡು ಪರದೆಯ ಹಿಂದಿನಿಂದ ಮೆಲ್ಲಗೆ ಕೊಟ್ಟೆ. ಹೇಳಲಿಲ್ಲ. ಮತ್ತೆ ಕೊಟ್ಟೆ. ಅವರು ನನ್ನ ಕಡೆ ನೋಡಿದರು. ಆ ನೋಟವನ್ನು ಈಗಲೂ ದಿನಕ್ಕೊಮ್ಮೆ ನೋಡುತ್ತೇನೆ. ಅದು ಸಾಲು ಮರೆತವರ ನೋಟವಾಗಿರಲಿಲ್ಲ. ಮೂರನೇ ಸಲ ಸ್ವಲ್ಪ ಗಟ್ಟಿಯಾಗಿಯೇ, "ಕುಡೀತೀನಿ," ಎಂದೆ.

ಅವರು ಸಾಲು ಹೇಳಿದರು. ಕುಡಿದರು.

ಪೂರ್ತಿ ನುಂಗಲಿಲ್ಲ, ಅದೇ ಪುಣ್ಯ. ಬೆನ್ನು ತಿರುಗಿಸಿ ಸೆರಗಿಗೆ ಉಗಿದು, ಕಣ್ಣೀರು ಸುರಿಸುತ್ತಲೇ ಉಳಿದ ದೃಶ್ಯ ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಹೊರಟಾಗ ಅವರ ಕೈ ನನ್ನ ಕೈಯಲ್ಲಿತ್ತು. ಎಲ್ಲೋ ನಡುವೆ ಎಳೆದುಕೊಂಡರು.

ತಿನ್ನರ್ ಇದ್ದದ್ದು ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ. ಅದನ್ನು ನಾಟಕದ ಸಾಮಾನಿನ ಮೇಜಿನ ಮೇಲೆ ಇಟ್ಟವರು ಯಾರು? ಸೆಟ್‌ಗೆ ಬಣ್ಣ ಬಳಿದವನು ಕಿಟಕಿಯ ಹತ್ತಿರ ಬಿಟ್ಟಿದ್ದೆ ಎಂದ. ಸೊಸೆಯ ಪಾತ್ರದ ಹುಡುಗಿ, "ಬಾಟ್ಲಿ ಅಲ್ಲೇ ಇತ್ತು, ನೋಡದೆ ಸುರಿದೆ," ಎಂದು ಅತ್ತಳು. ಅವಳು ಚೆನ್ನಾಗಿ ಅಳಬಲ್ಲಳು, ಅದನ್ನು ನಾನು ಎಷ್ಟೋ ರಿಹರ್ಸಲ್‌ಗಳಲ್ಲಿ ನೋಡಿದ್ದೇನೆ. ಇನ್ನು ಮೇಜಿನ ಪಕ್ಕದಲ್ಲೇ ಕೂತಿದ್ದವಳು ನಾನು. ಹಿಂದಿನ ವಾರ ತಪ್ಪು ಪುಟ ಓದಿದ್ದಕ್ಕೆ ಅಮ್ಮ ಇಡೀ ನಾಟಕ ತಂಡದ ಎದುರು ನನ್ನನ್ನು ಬೈದಿದ್ದರು. ಅದೂ ಎಲ್ಲರಿಗೂ ನೆನಪಿತ್ತು.

ಅವರ ಗಂಟಲು ವಾಸಿಯಾಗುವ ತನಕ ಧಾರಾವಾಹಿಯ ಅತ್ತೆಯನ್ನು ಕಥೆಯಲ್ಲಿ ಕಾಶಿಗೆ ಕಳಿಸಿದರು. ನೋಡಲು ಹೋದಾಗ ಅಮ್ಮ ಒಡೆದ ದನಿಯಲ್ಲಿ ಕೇಳಿದ್ದು ಒಂದೇ.

"ಲೋಟ ಕೊಟ್ಟೋಳು ಅವಳು, ಸಾಲು ಕೊಟ್ಟೋಳು ನೀನು. ಮೂರು ಸಲ ಯಾಕೆ ಕೊಟ್ಟೆ?"

"ಮರೆತ್ರಿ ಅನ್ಕೊಂಡೆ ಅಮ್ಮ."

"ನಾನು ಯಾವತ್ತು ಮರ್ತಿದೀನಿ?"

ಅವರು ಮರೆತದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಸೆಟ್ಟಿಗೆ ಮರಳಿದ ಮೇಲೆ ಅಮ್ಮ ತಮ್ಮ ಮನೆಯಿಂದಲೇ ನೀರು ತರತೊಡಗಿದರು. ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ನಾಟಕದ ತಾಯಿಯೇ ನಿಜವಾಗಿ ಎದುರು ಬಂದು ಕೂತಂತಿತ್ತು. ನನಗೂ ರೋಗ ಅಂಟಿತು: ಮನೆಯಲ್ಲಿ ಬಾಟಲಿ ತೆರೆದರೆ ಮೊದಲು ಮೂಸುತ್ತಿದ್ದೆ.

ಮೊನ್ನೆ, ತಿಳಿಸದೆ, ವಿಜಯನಗರದ ನಮ್ಮ ಮನೆಗೆ ಬಂದರು. ಹೊಸ ನಾಟಕದ ಹಸ್ತಪ್ರತಿ ಕಂಕುಳಲ್ಲಿತ್ತು.

"ಬೇರೆಯವರ ದನಿ ಹಿಡಿಯಕ್ಕೆ ಆಗ್ತಿಲ್ಲ. ಓದು," ಎಂದರು.

ಬಂದವರಿಗೆ ನೀರು ಕೊಡದೆ ಹೇಗಿರಲಿ? ಲೋಟ ತಂದು ಮುಂದಿಟ್ಟೆ. ಒಂದು ಅಂಕ ಓದಿ ಮುಗಿಸಿದರೂ ಅದು ಹಾಗೇ ಇತ್ತು.

"ಬಿಸಿಲಲ್ಲಿ ಬಂದಿದೀರ, ಕುಡೀರಿ ಅಮ್ಮ."

"ನೀನು ಕುಡಿ ಮೊದಲು."

ಲೋಟ ಎತ್ತಿಕೊಂಡೆ. ನನ್ನ ಅಡುಗೆಮನೆಯ ನೀರು, ನಾನೇ ತುಂಬಿದ್ದು. ಆದರೂ ತುಟಿಗೆ ತಾಗಿಸುವ ಮೊದಲು ನನ್ನ ಮೂಗು ಅದನ್ನು ಮೂಸಿತು. ಅಮ್ಮ ಅದನ್ನು ನೋಡಿಬಿಟ್ಟರು.

"ಅಯ್ಯೋ ಕರ್ಮವೇ, ನಿಂಗೂ ಹಿಡ್ಕೊಂಡಿದ್ಯಾ?" ಎಂದರು.

ನಾನು ಒಂದು ಗುಟುಕು ಕುಡಿದೆ. ಅವರು ಕೈಚಾಚಿ ಲೋಟ ಇಸಿದುಕೊಂಡು, ತುಟಿಗೆ ತಾಗಿಸದೆ ಎತ್ತಿ ಉಳಿದದ್ದನ್ನು ಕುಡಿದರು. ಕುಡಿಯುವಷ್ಟು ಹೊತ್ತೂ ಓರೆಗಣ್ಣು ನನ್ನ ಮೇಲೇ ಇತ್ತು.

"ಹೂಂ, ಕೊಡು ಸಾಲು," ಎಂದರು. "ಒಂದೇ ಸಲ."