ರಿಮೋಟ್ ಮೇಷ್ಟ್ರ ಹತ್ತೊಂಬತ್ತು ನಿಮಿಷ

ನಮ್ಮ ಪ್ರಿಂಟ್ ಅಂಗಡಿ ಶಾಲೆಯ ಗೇಟಿನ ಎದುರಿಗೇ ಇದೆ. ಓದು ಬಿಟ್ಟ ಮೇಲೆ ನಾನು ಅಮ್ಮನ ಜೊತೆ ಅಲ್ಲೇ ಕೂರುತ್ತೇನೆ. ಹಾಗಾಗಿ ಸಾಹಿತ್ಯದ ಮೇಷ್ಟ್ರನ್ನು ಮೊದಲು ಬೆಂಚಿನಿಂದ ನೋಡಿದೆ, ಈಗ ಕೌಂಟರಿನಿಂದ ನೋಡುತ್ತಿದ್ದೇನೆ. ಎಲ್ಲಿಂದ ನೋಡಿದರೂ ಅವರು ಒಂದೇ ಥರ ಕಾಣುತ್ತಾರೆ.

ಅವರಿಗೆ ಈಗ ರಿಮೋಟ್ ಮೇಷ್ಟ್ರು ಅಂತಲೇ ಹೆಸರು. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಒಂದು ಪುಟ್ಟ ಕಪ್ಪು ರಿಮೋಟ್ ಇರುತ್ತದೆ. ನಮ್ಮ ಅಂಗಡಿಗೆ ಬಂದಾಗಲೂ ಒಂದೆರಡು ಸಲ ಅದನ್ನು ಒತ್ತುತ್ತಾರೆ. ನಾನು ಬೇಗ ಕೆಲಸ ಮುಗಿಸಲಿ ಅಂತ ಇರಬೇಕು.

ನಾನು ಓದುವಾಗ ಅವರು ನೋಟ್ಸ್ ಮೇಷ್ಟ್ರಾಗಿದ್ದರು. ಕಂದು ರಟ್ಟಿನ ಒಂದೇ ನೋಟ್‌ಬುಕ್ಕನ್ನು ಹದಿನೆಂಟು ವರ್ಷ ಓದಿ ಬರೆಸಿದ ಮನುಷ್ಯ. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಇಲ್ಲಿ ನಗಿಸುವುದು’ ಅಂತ ಇತ್ತು. ಆ ಜಾಗ ಬಂದಾಗ ಅವರು ತಲೆಯೆತ್ತಿ ಒಂದು ಸಲ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆಮೇಲೆ ಪೂರ್ಣವಿರಾಮ, ಮುಂದಿನ ಸಾಲು.

ಶಾಲೆಗೆ ದೊಡ್ಡ ಪರದೆ ಬಂತು, ಮಕ್ಕಳಿಗೊಂದೊಂದು ಟ್ಯಾಬ್ ಬಂತು. ಮೇಷ್ಟ್ರು ಆ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು.

“ಇದನ್ನೆಲ್ಲಾ ಟೈಪ್ ಮಾಡಿ ಸ್ಲೈಡ್ ಮಾಡ್ಕೊಡು. ಕಾಲ ಬದಲಾಗಿದೆ, ನಾವೂ ಬದಲಾಗ್ಬೇಕು.”

ನಾನು ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿದೆ. ನಡುವೆ ಎರಡು ಹಾಳೆ ಒಂದಕ್ಕೊಂದು ಅಂಟಿದ್ದವು. ಸ್ಕೇಲಿನ ಅಂಚು ತೂರಿಸಿ ಬಿಡಿಸಿದರೆ ಒಳಗೆ ಒಂದು ಪದ್ಯದ ಅರ್ಧ ವಿವರಣೆಯೂ ಮುಂದಿನ ಕಥೆಯ ಮೊದಲರ್ಧವೂ ಹಾಗೇ ಇದ್ದವು. ಅಂದರೆ ಅದೆಷ್ಟೋ ವರ್ಷದಿಂದ ಮಕ್ಕಳು ಪದ್ಯದ ತಲೆಗೆ ಕಥೆಯ ಬಾಲ ಅಂಟಿಸಿಕೊಂಡು ಬರೆದಿದ್ದರು. ನಾನೂ ಹಾಗೇ ಬರೆದಿದ್ದೆ. ಹತ್ತಕ್ಕೆ ಎಂಟು ಅಂಕ ಬಂದಿತ್ತು.

“ಸರ್, ಇಲ್ಲಿ ಎರಡು ಪುಟ ಬಿಟ್ಟುಹೋಗಿತ್ತು.”

“ಹೌದಾ?” ಅಂದರು. “ಯಾರೂ ಕೇಳ್ಲಿಲ್ವಲ್ಲ, ಬಿಡು.”

ಮೇಷ್ಟ್ರೂ ನಾವೂ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಹಾಗಾಗಿ ಟ್ಯಾಬ್ ಬಂದು ಸಾಹಿತ್ಯವನ್ನು ಕೆಡಿಸಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ಮೊದಲೇ ಕೆಟ್ಟಿತ್ತು. ಟ್ಯಾಬ್ ಅದಕ್ಕೆ ಬಣ್ಣ ಹಚ್ಚಿತು, ಅಷ್ಟೇ. ಪದ್ಯ ಪರದೆಯ ಮೇಲೆ ಎಡದಿಂದ ಹಾರಿ ಬರುತ್ತಿತ್ತು. ಕೆಳಗೆ ‘ಈ ಪದ್ಯದ ಭಾವ ಯಾವುದು? ಎ, ಬಿ, ಸಿ, ಡಿ’ ಅಂತ ಇರುತ್ತಿತ್ತು. ಸರಿಯಾದದ್ದನ್ನು ಒತ್ತಿದರೆ ಚಪ್ಪಾಳೆಯ ಸದ್ದು. ಉತ್ತರ ಹೆಚ್ಚಾಗಿ ‘ಬಿ’ ಅಂತ ಮಕ್ಕಳು ಒಂದೇ ವಾರದಲ್ಲಿ ಕಂಡುಹಿಡಿದರು. ತರಗತಿಯ ಸಾಧನೆ ಶೇಕಡಾ ತೊಂಬತ್ತು ದಾಟಿತು. ಮೇಷ್ಟ್ರು ಆ ಅಂಕಿಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿಕೊಂಡು ಹೋದರು.

ಆ ಟ್ಯಾಬಿಗೆ ಇನ್ನೊಂದು ಗುಣ ಇತ್ತು. ಹದಿನೈದು ನಿಮಿಷ ಪರದೆಯ ಮೇಲೆ ಬೆರಳಾಡದಿದ್ದರೆ ‘ಓದುಗರು ಇಲ್ಲ’ ಅಂತ ಬರೆದುಕೊಳ್ಳುತ್ತಿತ್ತು.

ನನ್ನ ತಂಗಿಯ ಕಷ್ಟ ಶುರುವಾದದ್ದು ಇಲ್ಲೇ. ಅವಳನ್ನು ಮನೆಯಲ್ಲಿ ನಾವು ಆಮೆ ಅನ್ನುತ್ತೇವೆ. ಒಂದು ಪುಟ ಹಿಡಿದರೆ ಅದರ ಬೇರು ಸಿಗುವವರೆಗೆ ಬಿಡುವುದಿಲ್ಲ. ಊಟಕ್ಕೆ ಮೂರು ಸಲ ಕರೆಯಬೇಕು. ಲೆಕ್ಕದಲ್ಲಿ ಸೊನ್ನೆ, ಆಟದಲ್ಲಿ ಬೆಂಚು. ಸಾಹಿತ್ಯದ ಪೀರಿಯಡ್ ಒಂದೇ ಅವಳನ್ನು ದಿನಾ ಗೇಟು ದಾಟಿಸುತ್ತಿದ್ದದ್ದು. ಹುಡುಗರು ಟ್ಯಾಬನ್ನು ಸರಸರ ಉಜ್ಜಿ ಚಿನ್ನದ ನಕ್ಷತ್ರ ಗಳಿಸುವಾಗ ಇವಳು ಒಂದೇ ಪದ್ಯದ ಮುಂದೆ ಕೂತಿರುತ್ತಿದ್ದಳು. ಇಡೀ ತರಗತಿಯಲ್ಲಿ ನಿಜವಾಗಿ ಓದುತ್ತಿದ್ದವಳನ್ನೇ ಯಂತ್ರ ‘ಇಲ್ಲ’ ಅಂದಿತು.

ಮೇಷ್ಟ್ರು ಹೊಸ ನಿಯಮ ತಂದರು. ‘ಇಲ್ಲ’ ಅನ್ನಿಸಿಕೊಂಡವರು ಪೋಷಕರ ಸಭೆಯ ದಿನದಿಂದ ಸಾಹಿತ್ಯದ ತರಗತಿಗೆ ಬರುವ ಹಾಗಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಟೈಪಿಂಗ್ ಅಭ್ಯಾಸ ಮಾಡಬೇಕು.

ತಂಗಿ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು, “ಆ ಕೋಣೆಗೆ ಹಾಕಿದ್ರೆ ನಾನು ಶಾಲೆಗೇ ಹೋಗಲ್ಲ.”

ಅಮ್ಮ ಕಾಗದದ ಕಟ್ಟನ್ನು ಕುಟ್ಟಿ ಸಮ ಮಾಡುತ್ತಿದ್ದಳು. “ಒಂದು ಮನೆಗೆ ಒಬ್ಬಳು ಸಾಕು ಕಣೇ,” ಅಂದಳು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ನನಗೆ ಗೊತ್ತಾಯಿತು.

ಆ ವಾರವೇ ತಂಗಿ ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳಂತೆ. ಪದ್ಯದಲ್ಲಿ ಒಬ್ಬ ಮುದುಕಿ ಮನೆಯೊಳಗೆ ದೀಪ ಹಚ್ಚಿಟ್ಟು, ತಾನು ಹೊರಗೆ ಕತ್ತಲಲ್ಲಿ ಹೋಗಿ ಕೂರುತ್ತಾಳೆ.

“ಸರ್, ದೀಪ ಒಳಗಿಟ್ಟು ತಾನ್ಯಾಕೆ ಹೊರಗೆ ಕೂತ್ಲು?”

“ಉತ್ತರ ಬಿ. ತಾಯಿಪ್ರೀತಿ.”

“ಮನೇಲಿ ಮಕ್ಕಳಿದ್ದಾರೆ ಅಂತ ಪದ್ಯದಲ್ಲಿ ಎಲ್ಲೂ ಇಲ್ವಲ್ಲ ಸರ್.”

ಮೇಷ್ಟ್ರು ರಿಮೋಟ್ ಒತ್ತಿದರು. ಮುಂದಿನ ಸ್ಲೈಡಿನಲ್ಲೂ ಉತ್ತರ ಇರಲಿಲ್ಲ. ಹಿಂದೆ ಒತ್ತಿದರು, ಅಲ್ಲೂ ಇಲ್ಲ. “ಎಲ್ರೂ ಸುಮ್ನೆ ಕೂತ್ಕೊಳ್ಳಿ,” ಅಂತ ಗದರಿ, ತಮ್ಮ ಟ್ಯಾಬ್ ಹಿಡಿದು ಕುರ್ಚಿಯಲ್ಲಿ ಕೂತರು. ಮಕ್ಕಳಿಗೆ ಮಾಡಿ ತೋರಿಸಲು ಅವರು ಅದೇ ತರಗತಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಸೇರಿಸಿಕೊಂಡಿದ್ದರು. ಹಾಗೇ ತಲೆಬಗ್ಗಿಸಿ ಕೂತವರು ಗಂಟೆ ಹೊಡೆಯುವವರೆಗೆ ತಲೆ ಎತ್ತಲಿಲ್ಲ. ಮೇಷ್ಟ್ರು ನಿದ್ದೆ ಹೊಡೆದರು ಅಂತ ಹುಡುಗರು ಹೇಳುತ್ತಾರೆ. ಓದುತ್ತಿದ್ದರು ಅಂತ ನನ್ನ ತಂಗಿ ಮಾತ್ರ ಹೇಳುತ್ತಾಳೆ.

ಸಭೆಯ ದಿನ ಬೆಳಿಗ್ಗೆ ಮೇಷ್ಟ್ರು ಪೆನ್‌ಡ್ರೈವ್ ಹಿಡಿದು ಓಡಿ ಬಂದರು.

“ಪಟ್ಟಿ ಇದೆ, ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗಿ. ಬೇಗ.”

ನಾನು ಏನೇ ಪ್ರಿಂಟ್ ತೆಗೆದರೂ ಮೊದಲು ಒಂದು ಸಲ ಓದುತ್ತೇನೆ. ಮೇಲೆ ‘ಓದಿನಲ್ಲಿ ತೊಡಗದವರು’ ಅಂತ ಇತ್ತು. ಒಟ್ಟು ಹದಿಮೂರು ಹೆಸರು, ಪ್ರತಿಯೊಂದರ ಮುಂದೆ ಬೆರಳಾಡದ ನಿಮಿಷ. ಐದನೆಯದು ನನ್ನ ತಂಗಿಯದು. ಹದಿಮೂರನೆಯದು ಮೇಷ್ಟ್ರದು, ಹತ್ತೊಂಬತ್ತು ನಿಮಿಷ.

“ಸರ್, ಒಂದ್ಸಲ ಓದಿ ನೋಡಿ,” ಅಂದೆ.

“ಯಂತ್ರ ತಪ್ಪು ಮಾಡಲ್ಲ.”

“ಅದಲ್ಲ ಸರ್, ಕೊನೇ ಹೆಸರು…”

“ನೋಡಮ್ಮ, ಓದೋದು ನಿನ್ನ ಕೆಲಸ ಅಲ್ಲ. ಆಗಿದ್ರೆ ಇಲ್ಲಿ ಯಾಕೆ ಕೂತಿರ್ತಿದ್ದೆ? ಪ್ರಿಂಟ್ ತೆಗಿ.”

ಮೂರನೇ ಸಲ ಹೇಳಬಹುದಿತ್ತು. ನಾನು ಹೇಳಲಿಲ್ಲ. ಅಕ್ಷರ ಇನ್ನೂ ಎರಡು ಅಳತೆ ದಪ್ಪ ಮಾಡಿ ಪ್ರಿಂಟ್ ತೆಗೆದೆ.

ಹನ್ನೊಂದು ಗಂಟೆಗೆ ಅಮ್ಮನ ಹಿಂದೆ ನಾನೂ ಶಾಲೆಗೆ ಹೋದೆ. ಪಟ್ಟಿ ನೋಟಿಸ್ ಬೋರ್ಡಿನ ಮೇಲಿತ್ತು. ಮೇಷ್ಟ್ರು ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿದ್ದರು, ಒಂದು ಸಲವೂ ಓದಿರಲಿಲ್ಲ. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ವರಾಂಡ ನಕ್ಕಿತು. ಕೆಂಪು ಶಾಯಿಯ ಗುರುತು ಎಲ್ಲೂ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೂ ಓದಿದರು.

“ಏನ್ಸಾರ್, ಹತ್ತೊಂಬತ್ತು ನಿಮಿಷ ಏನ್ಮಾಡ್ತಿದ್ರಿ?”

ಬಾಯಲ್ಲಿ ಬಿಸಿ ತುಪ್ಪ. ನಿದ್ದೆ ಅಂದರೆ ಕೆಲಸಕ್ಕೇ ಸಂಚಕಾರ. ಮೇಷ್ಟ್ರು ಜೇಬಿನ ರಿಮೋಟ್ ಮುಟ್ಟಿ ನೋಡಿಕೊಂಡರು.

“ಓದ್ತಿದ್ದೆ ಮೇಡಮ್. ಪದ್ಯ.”

ಅಮ್ಮ ಜನರನ್ನು ಸರಿಸಿ ಮುಂದೆ ಬಂದಳು. “ಹಂಗಾದ್ರೆ ನನ್ನ ಮಗಳು ಏನು ಕಡಲೆಕಾಯಿ ಸುಲೀತಿದ್ಲಾ?”

ಮುಖ್ಯೋಪಾಧ್ಯಾಯಿನಿಯೇ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಹಾಳೆಯನ್ನು ಎರಡಾಗಿ ಮಡಚಿ ಮೇಷ್ಟ್ರ ಕೈಗಿಟ್ಟರು. “ಹದಿಮೂರು ಜನಾನೂ ತರಗತಿಗೆ ಹೋಗ್ಲಿ,” ಅಂದರು. ಮೆಟ್ಟಿಲ ಕೆಳಗಿನ ಕೋಣೆ ಮತ್ತೆ ಮುರಿದ ಕುರ್ಚಿಗಳಿಗೇ ಉಳಿಯಿತು. ಮಾರನೆಯ ದಿನ ತಂಗಿ ನನಗಿಂತ ಮೊದಲೇ ಎದ್ದು ಜಡೆ ಹಾಕಿಕೊಂಡು ಕೂತಿದ್ದಳು.

ಇದಾದ ಮೇಲೆ ಮೇಷ್ಟ್ರು ಬದಲಾದರು ಅಂತ ಬರೆಯಲು ನನಗೂ ಆಸೆ ಇದೆ. ಹದಿನೈದೇ ದಿನಕ್ಕೆ ಹೊಸ ಪೆನ್‌ಡ್ರೈವ್ ತಂದರು. ‘ನಿಧಾನ ಓದಿನ ಮಹತ್ವ’, ನಲವತ್ತು ಸ್ಲೈಡು. ಒಂದೊಂದೂ ಇಪ್ಪತ್ತು ಸೆಕೆಂಡಿಗೆ ತಾನಾಗಿಯೇ ಸರಿಯಬೇಕಂತೆ.

“ಒಂದ್ಸಲ ಓದಿ ನೋಡ್ತೀರಾ ಸರ್?” ಅಂದೆ.

“ಟೈಮೆಲ್ಲಿದೆ?” ಅಂದರು. ಹೊರಟವರು ಬಾಗಿಲಲ್ಲಿ ನಿಂತು ಹಿಂದೆ ತಿರುಗಿದರು. “ಅಲ್ಲ, ನಿನ್ನ ತಂಗಿಗೆ ಏನಾದ್ರೂ ಗೊತ್ತಾಯ್ತಾ? ಆ ಮುದುಕಿ ಹೊರಗ್ಯಾಕೆ ಕೂತ್ಲು ಅಂತ?”

“ಇನ್ನೂ ಓದ್ತಿದ್ದಾಳೆ ಸರ್,” ಅಂದೆ.